ಸದ್ದಿಲ್ಲದ ತಂತಿ

“ಮೋಡೆಮ್ ಆನ್ ಇದೆ ಸಾರ್,” ಎಂದ ಇಂಟರ್ನೆಟ್ ಕಂಪನಿಯ ಮ್ಯಾನೇಜರ್, ಪರದೆಯಿಂದ ಕಣ್ಣು ಕೀಳದೆ. “ಚೆನ್ನಾಗೇ ಓಡ್ತಾ ಇದೆ. ಡ್ರೈವರ್ ಮನೇಲಿ ಯಾರೋ ಈಗ್ಲೂ ಏನೋ ನೋಡ್ಕೊಂಡು ಕೂತಿದ್ದಾರೆ.”

ಎದುರು ಕೂತಿದ್ದವನು ಊರಿಗೆಲ್ಲ ‘ಆಕಳಿಕೆ’ ಎಂದೇ ಗೊತ್ತಿದ್ದ ಖಾಸಗಿ ಪತ್ತೇದಾರ. ಕಾಲ ಬಳಿ ಇದ್ದ ಬಟ್ಟೆಚೀಲಕ್ಕೆ ಕೈಹಾಕಿ ಒಂದು ಕಪ್ಪು ಡಬ್ಬಿಯನ್ನು ಎಳೆದು ತೆಗೆದ. ಮ್ಯಾನೇಜರನ ಟೀ ಲೋಟದ ಪಕ್ಕದಲ್ಲಿ ಇಟ್ಟ. ಡಬ್ಬಿಗೆ ತಂತಿಯೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಅದರ ಒಂದು ಮೂಲೆಯಲ್ಲಿ ಜೇಡ ಸಂಸಾರ ಹೂಡಿತ್ತು.

“ಇದೇನ್ ಸಾರ್?”

“ನೀವು ಆನ್ ಇದೆ ಅಂದ್ರಲ್ಲ, ಆ ಮೋಡೆಮ್. ಬೆಳಿಗ್ಗೆ ಡ್ರೈವರ್ ಮನೆ ಗೋಡೆಯಿಂದ ಕಿತ್ಕೊಂಡು ಬಂದೆ.”

ಮ್ಯಾನೇಜರ್ ಡಬ್ಬಿ ನೋಡಿದ. ಪರದೆ ನೋಡಿದ. ಮತ್ತೆ ಡಬ್ಬಿ ನೋಡಿದ. ಪರದೆಯ ಮೇಲೆ ಹಸಿರು ಚುಕ್ಕೆ ಜೀವಂತವಾಗಿ ಮಿಟುಕುತ್ತಿತ್ತು. ಮೇಜಿನ ಮೇಲೆ ಜೇಡ ಮಗ್ಗುಲು ಬದಲಿಸಿತು.

ಆಕಳಿಕೆ ಬಾಯಿ ತೆರೆದು ಒಂದು ದೀರ್ಘ ಆಕಳಿಕೆ ಬಿಟ್ಟ. ಅವನ ಹೆಸರು ಅವನ ಅಕ್ಕನಿಗೂ ಮರೆತುಹೋಗಿ, ಊರಿನ ಬಾಯಲ್ಲಿ ಉಳಿದದ್ದು ಇದೇ. ಬಸ್ಸಿನಲ್ಲಿ ಅವನು ಒಮ್ಮೆ ಆಕಳಿಸಿದರೆ ಅದು ಸೀಟಿನಿಂದ ಸೀಟಿಗೆ ಹಬ್ಬಿ, ಕಂಡಕ್ಟರನನ್ನು ದಾಟಿ, ಬಸ್ ಓಡಿಸುವವನ ತನಕ ಹೋಗಿ, ಬಸ್ಸು ಮೂರು ನಿಲ್ದಾಣ ಮುಂದೆ ಹೋಗಿ ನಿಂತದ್ದುಂಟು. ನಂಬದಿದ್ದರೆ ನಿಮ್ಮಿಷ್ಟ. ಮ್ಯಾನೇಜರನ ದವಡೆಯಂತೂ ಆಗಲೇ ಸೆಳೆಯತೊಡಗಿತ್ತು.

ಬಟನ್ ಕಾರ್ಖಾನೆಯ ಯಜಮಾನರು ಕಾಣೆಯಾಗಿ ವಾರ ಕಳೆದಿತ್ತು. “ಕಾರ್ಖಾನೆ ಮಾರಿದರೆ ಯಜಮಾನರ ಮುಖ ಮತ್ತೆ ನೋಡಲಾರಿರಿ” ಎಂದು ಅವರ ಮಕ್ಕಳಿಗೆ ಬಂದ ಇ-ಮೇಲಿನ ಜಾಡು ಹಿಡಿದು ಹೋದ ಪೊಲೀಸರು ನೇರ ಯಜಮಾನರ ಡ್ರೈವರನ ಮನೆ ಬಾಗಿಲಿಗೇ ಬಂದು ನಿಂತಿದ್ದರು. ಅವನೀಗ ಲಾಕಪ್ಪಿನಲ್ಲಿದ್ದ.

ಅವನ ಹೆಂಡತಿ ಆಕಳಿಕೆಯ ಕೋಣೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದ್ದು ಒಂದೇ ಮಾತು. “ಅಣ್ಣಾ, ನಮ್ಮನೇಲಿ ಇಂಟರ್ನೆಟ್ಟೇ ಇರ್ಲಿಲ್ಲ. ಆ ಡಬ್ಬಿ ಲೈಟು ಹತ್ತಿ ಎಷ್ಟೋ ದಿನ ಆಯ್ತು. ಇಲ್ಲದ ಇಂಟರ್ನೆಟ್ಟಲ್ಲಿ ನಮ್ಮೋರು ಹೇಗೆ ಮೇಲ್ ಕಳಿಸ್ತಾರೆ?”

ಡ್ರೈವರನನ್ನು ಹಿಡಿದ ಇನ್ಸ್‌ಪೆಕ್ಟರ್ ಬೇರೆ ಯಾರೂ ಅಲ್ಲ, ಆಕಳಿಕೆಯ ಭಾವ. ಅಕ್ಕನ ಗಂಡ. ಅಕ್ಕನ ಮುಖ ನೋಡಿ ಅಷ್ಟು ಸಡಿಲ ಬಿಟ್ಟಿದ್ದ. “ಸಂಜೆ ಅವನನ್ನ ಕೋರ್ಟಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿಂದ ದೊಡ್ಡ ಜೈಲಿಗೆ. ಅಷ್ಟರೊಳಗೆ ಮೇಲ್ ಬೇರೆ ಮನೆಯಿಂದ ಹೋಗಿದೆ ಅಂತ ತೋರ್ಸು, ಬಿಟ್ಬಿಡ್ತೀನಿ. ಡ್ರೈವರ್ ಮೇಲೆ ನಂಗೇನು ಹಗೇನಾ?”

ಹೀಗೆ ಆಕಳಿಕೆ ಮಧ್ಯಾಹ್ನದ ಬಿಸಿಲಲ್ಲಿ, ಬೇಕರಿಯ ಮೇಲಿನ ಈ ಪುಟ್ಟ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದ. ಹತ್ತುವಾಗ ಎರಡು ಸಲ ಕೂತಿದ್ದ.

“ನಿಮ್ಮ ಹುಡುಗರನ್ನ ಕಳಿಸಿ ತಂತಿ ಎಲ್ಲಿಗೆ ಹೋಗಿದೆ ನೋಡ್ಸಿ,” ಎಂದ.

“ನಮಗೆ ಹುಡುಗರೆಲ್ಲಿದ್ದಾರೆ ಸಾರ್?” ಮ್ಯಾನೇಜರ್ ಕೈ ಚೆಲ್ಲಿದ. “ತಂತಿ ಟೆಲಿಫೋನ್ ಕಂಪನೀದು. ಕಂಬ ಅವರದು, ನೆಲದೊಳಗಿನ ಕೇಬಲ್ ಅವರದು, ರಿಪೇರಿ ಮಾಡೋನೂ ಅವರೋನೇ. ನಾವು ಅವರತ್ರ ಸಗಟಾಗಿ ತಗೊಂಡು, ನಮ್ಮ ಹೆಸರು ಅಂಟಿಸಿ, ಮನೆ ಮನೆಗೆ ಚಿಲ್ಲರೆ ಮಾರ್ತೀವಿ. ನೆಲದ ಮೇಲೆ ಅವರ ಪೆಟ್ಟಿಗೆ ಇದ್ಯಲ್ಲ, ಅದನ್ನ ನಾವು ಮುಟ್ಟಿದ್ರೂ ಕೇಸು.”

“ಮತ್ತೆ ನಿಮ್ಮದು ಅಂತ ಏನಿದೆ?”

ಮ್ಯಾನೇಜರ್ ನಾಲ್ಕೂ ಗೋಡೆ ನೋಡಿ ಯೋಚಿಸಿದ. “ಆ ಬೋರ್ಡು. ಆಮೇಲೆ ಬೈಗುಳ. ಬೈಗುಳ ಪೂರ್ತಿ ನಮ್ಮದೇ ಸಾರ್, ಅದರಲ್ಲಿ ಅವರು ಪಾಲು ಕೇಳಲ್ಲ.”

“ಇಂಟರ್ನೆಟ್ ಬರ್ತಿಲ್ಲ ಅಂತ ಡ್ರೈವರ್ ಹೆಂಡ್ತಿ ದೂರು ಕೊಟ್ಟಿದ್ರಲ್ಲ?”

“ಕೊಟ್ಟಿದ್ರು. ನಾವು ಟೆಲಿಫೋನ್ ಕಂಪನಿಗೆ ದಾಟಿಸಿದ್ವಿ. ಅವರು ಎಕ್ಸ್‌ಚೇಂಜಲ್ಲಿ ಕೂತೇ ಪರೀಕ್ಷೆ ಮಾಡಿ, ‘ಲೈನ್ ಸರಿಯಾಗಿದೆ, ಆ ಕಡೆ ಮೋಡೆಮ್ ಉತ್ತರ ಕೊಡ್ತಾ ಇದೆ’ ಅಂತ ದೂರು ಮುಚ್ಚಿದ್ರು. ಆ ಯಮ್ಮ ನೇರ ಅವರಿಗೆ ಫೋನ್ ಮಾಡಿದ್ರೆ, ‘ನೀವು ನಮ್ಮ ಗಿರಾಕೀನೇ ಅಲ್ಲ’ ಅಂದ್ರಂತೆ. ಮತ್ತೆ ನನಗೇ ಬೈದ್ರು.”

ಆ ‘ಲೈನ್ ಸರಿಯಾಗಿದೆ’ ಎಂಬ ಮಾತನ್ನೇ ಹಿಡಿದು ಪೊಲೀಸರು ಗಂಡಹೆಂಡಿರಿಬ್ಬರನ್ನೂ ಸುಳ್ಳರು ಮಾಡಿದ್ದರು. ಆಕಳಿಕೆ ಕಣ್ಣುಜ್ಜಿಕೊಂಡ. ಮೋಡೆಮ್ ಉತ್ತರ ಕೊಡುತ್ತಿದೆ, ನಿಜ. ಆದರೆ ಯಾವ ಮನೆಯ ಮೋಡೆಮ್ ಎಂದು ಯಾರೂ ಕೇಳಿರಲಿಲ್ಲ.

“ಪಾಸ್‌ವರ್ಡು ಏನೂ ಇಲ್ವಾ? ಯಾವ ಡಬ್ಬಿ ಸಿಕ್ಸಿದ್ರೂ ಓಡತ್ತಾ?”

“ಮೊದ್ಲು ಇತ್ತು. ಜನ ಮರ್ತು ಮರ್ತು ನನ್ನ ಪ್ರಾಣ ತಿಂದ್ರು. ಈಗ ತಂತೀನೇ ಗುರುತು. ಆ ತಂತಿ ತುದೀಲಿ ಯಾರ ಡಬ್ಬಿ ಇದ್ರೂ ನನ್ನ ಪರದೆ ಮೇಲೆ ಅದು ಡ್ರೈವರ್ ಮನೇನೇ.”

“ಈ ಮಾತು ಸ್ಟೇಷನ್ನಿಗೆ ಬಂದು ಹೇಳ್ತೀರಾ?”

ಮ್ಯಾನೇಜರನ ಮುಖ ಸಣ್ಣಗಾಯಿತು. “ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಸಾರ್. ಅವರು ಮುನಿಸ್ಕೊಂಡ್ರೆ ಆ ಬೋರ್ಡೂ ಇಳೀತದೆ.”

ಆಕಳಿಕೆ ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿ ಡಬ್ಬಿಯ ಕಥೆ ಹೇಳಿದ.

“ಡಬ್ಬಿ ತೋರ್ಸಿ ಆಟ ಆಡ್ಬೇಡ,” ಎಂದ ಭಾವ. “ಎರಡನೇ ಡಬ್ಬಿ ಬಚ್ಚಲುಮನೇಲಿ ಇಟ್ಟಿರಬಹುದು. ನಂಗೆ ತಂತಿಯ ಇನ್ನೊಂದು ತುದಿ ಬೇಕು. ಆ ತುದೀಲಿ ಒಂದು ಮನೆ ಬೇಕು. ಮನೇಲಿ ಒಂದು ಮುಖ ಬೇಕು. ಆಮೇಲೆ... ಅಕ್ಕ ಕೇಳ್ತಿದ್ಲು, ಊಟ ಆಯ್ತಾ?”

“ಇಲ್ಲ.”

“ಸರಿ,” ಎಂದು ಭಾವ ಫೋನಿಟ್ಟ.

*

ತಂತಿ ಮುಟ್ಟುವ ಹಕ್ಕು ಆ ಬಡಾವಣೆಯಲ್ಲಿ ಇದ್ದದ್ದು ಒಬ್ಬನಿಗೇ. ಟೆಲಿಫೋನ್ ಕಂಪನಿಯ ಲೈನ್‌ಮ್ಯಾನ್; ಊರು ಅವನಿಗಿಟ್ಟ ಹೆಸರು ಏಣಿ. ಮದುವೆಗೆ ಹೋದರೂ ಏಣಿಯನ್ನು ಛತ್ರದ ಗೋಡೆಗೆ ಒರಗಿಸಿ ಒಳಗೆ ಹೋಗುವ ಮನುಷ್ಯ. ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ಅದನ್ನು ಹತ್ತಿ ಸೀರಿಯಲ್ ಲೈಟು ಕಟ್ಟುತ್ತಿದ್ದರಂತೆ. ಅವನು ಕೆಳಗೆ ನಿಂತು ಕಾಯುತ್ತಿದ್ದನಂತೆ, ಬೇಜಾರಿಲ್ಲದೆ.

ಡ್ರೈವರನ ಬೀದಿಯ ತಿರುವಿನಲ್ಲಿ, ಮರದ ನೆರಳಲ್ಲಿ, ಆಳೆತ್ತರದ ತುಕ್ಕು ಹಿಡಿದ ಕಬ್ಬಿಣದ ಪೆಟ್ಟಿಗೆಯೊಂದು ನಿಂತಿತ್ತು. ಲೈನ್‌ಮ್ಯಾನ್‌ಗಳ ಬಾಯಲ್ಲಿ ಅದು ಪಿಲ್ಲರ್. ಎಕ್ಸ್‌ಚೇಂಜಿನಿಂದ ನೆಲದೊಳಗೆ ಬಂದ ದಪ್ಪ ಕೇಬಲ್ ಅದರ ಎಡಕ್ಕೆ ಬಿಚ್ಚಿಕೊಳ್ಳುತ್ತದೆ, ಮನೆಗಳಿಗೆ ಹೋಗುವ ತಂತಿಗಳು ಬಲಕ್ಕೆ. ನಡುವೆ ಎರಡನ್ನೂ ಬೆಸೆಯುವ ತೆಳು ಜಂಪರ್ ವೈರುಗಳು, ಬಾಚಣಿಗೆ ಕಾಣದ ಕೂದಲಿನ ಹಾಗೆ. ಏಣಿ ಅದರ ಬಾಗಿಲು ತೆರೆದು, ಒಳಗೆ ತಲೆ ಹಾಕಿ, ತನ್ನಷ್ಟಕ್ಕೆ ಗೊಣಗುತ್ತಿದ್ದ.

ಆಕಳಿಕೆಯ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಡ್ರೈವರನ ಹೆಂಡತಿ.

“ಅಣ್ಣಾ, ಏನಾದ್ರೂ ಸಿಕ್ತಾ?”

“ಸಿಗೋ ಹಾಗಿದೆ. ಎಲ್ಲಿದ್ದೀರಮ್ಮಾ?”

“ಸ್ಟೇಷನ್ ಮುಂದೆ. ಅವರನ್ನ ನೋಡೋಕೆ ಬಿಡ್ತಾನೇ ಇಲ್ಲ. ಬೆಂಚಲ್ಲಿ ಕೂತಿದ್ದೀನಿ.” ಅವಳ ದನಿ ತೊಳೆದು ಹಿಂಡಿದ ಬಟ್ಟೆಯಂತಿತ್ತು. “ಅವರಿಗೆ ಬೆನ್ನುನೋವು ಅಣ್ಣಾ, ನೆಲದ ಮೇಲೆ ಮಲಗಕ್ಕಾಗಲ್ಲ. ಜೈಲಿಗೆ ಹಾಕಿದ್ರೆ ಮುಗೀತು. ಸಂಜೆಯೊಳಗೆ ಆಗತ್ತೆ ಅಲ್ವಾ?”

“ನೋಡೋಣಮ್ಮಾ.”

ಫೋನ್ ಜೇಬಿಗಿಟ್ಟು, ಮರಕ್ಕೆ ಒರಗಿಸಿದ್ದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಆಕಳಿಕೆ ಕೂತ. ಕೂರಲು ಸಿಕ್ಕಿದ್ದನ್ನು ಅವನು ಬಿಟ್ಟವನಲ್ಲ.

“ಅದು ನನ್ನ ಏಣಿ,” ಎಂದ ಲೈನ್‌ಮ್ಯಾನ್, ತಿರುಗದೆ.

“ಗೊತ್ತು. ಡ್ರೈವರ್ ಮನೆ ತಂತಿ ಯಾವುದು?”

“ಯಾವ ಡ್ರೈವರ್?”

“ಊರೆಲ್ಲ ಅವನದೇ ಮಾತು, ನೀನು ಯಾವ ಡ್ರೈವರ್ ಅಂತೀಯಲ್ಲಪ್ಪಾ.”

ಏಣಿ ಪೆಟ್ಟಿಗೆಯಿಂದ ತಲೆ ಹೊರಗೆ ತೆಗೆದ. “ನೋಡಿ ಸಾಹೇಬ್ರೆ, ಅವರು ನಮ್ಮ ಗಿರಾಕಿ ಅಲ್ಲ. ಬೇಕರಿ ಮೇಲಿನ ಕಂಪನಿಯೋರು. ಏನಿದ್ರೂ ಅಲ್ಲಿ ಕೇಳಿ.”

“ಅಲ್ಲಿಂದಾನೇ ಬಂದೆ. ಅವನು ನಿನ್ನ ಕಡೆ ಕೈ ತೋರಿಸ್ದ. ನೀನು ಅವನ ಕಡೆ ತೋರಿಸ್ತೀಯ. ನಾನು ನಡುವೆ ಬಿಸಿಲಲ್ಲಿ ಓಡಾಡಿ ಸಾಯ್ತೀನಿ, ನೀವಿಬ್ರೂ ಸೇರಿ ಎತ್ತಿ ಹಾಕಿ.” ಆಕಳಿಕೆ ಚಪ್ಪಲಿ ಕಳಚಿ ಪಾದ ಒತ್ತಿಕೊಂಡ. “ಮಾತು ಬೇಡ. ನಿನ್ನ ಸೊಂಟದಲ್ಲಿ ನೇತಾಡ್ತಿದ್ಯಲ್ಲ, ತಂತಿ ಪರೀಕ್ಷೆ ಮಾಡೋ ಫೋನು, ಅದನ್ನ ಡ್ರೈವರ್ ಮನೆಗೆ ಹೋಗೋ ತಂತಿಗೆ ಹಚ್ಚು. ಏನು ಕೇಳತ್ತೆ ಹೇಳು.”

ಲೈನ್‌ಮ್ಯಾನ್ ಸೊಂಟದ ಫೋನಿನ ಮೇಲೆ ಕೈ ಮುಚ್ಚಿದ.

“ಹಚ್ಚಲ್ವಾ?”

“ಅದು... ಅದರಲ್ಲಿ ಏನೂ ಕೇಳ್ಸಲ್ಲ.”

“ಹಚ್ಚದೇ ಗೊತ್ತಾಯ್ತಾ?”

ಲೈನ್‌ಮ್ಯಾನ್ ನಾಲಿಗೆ ಕಚ್ಚಿಕೊಂಡ. ಆಕಳಿಕೆ ಅವಸರ ಮಾಡಲಿಲ್ಲ. ಅವನ ಕಸುಬಿನಲ್ಲಿ ಅರ್ಧ ಕೆಲಸ ಸುಮ್ಮನೆ ಕೂರುವುದೇ, ಅದರಲ್ಲಿ ಅವನನ್ನು ಮೀರಿಸಿದವರಿಲ್ಲ.

“ನನ್ನ ಕೆಲ್ಸ ಹೋಗತ್ತೆ,” ಎಂದ ಏಣಿ ಕೊನೆಗೆ.

“ಅವನ ಜೀವನ ಹೋಗತ್ತೆ. ಸಂಜೆ ಜೈಲಿಗೆ ಹಾಕ್ತಾರೆ.”

“ಮೇಲ್ ಕಳಿಸಿದ್ದು ಅವನೇ ಅಂತಾರಲ್ಲ?”

“ಅವನ ತಂತಿ ಅಂತಾರೆ. ತಂತಿ ಎಲ್ಲಿದೆ ಅಂತ ನಿನಗೆ ಗೊತ್ತು.”

ಏಣಿಗೆ ರೋಷ ಬಂತು. ಪೆಟ್ಟಿಗೆಯ ಬಾಗಿಲನ್ನು ಅಷ್ಟಗಲ ತೆರೆದು, ಎಡಗಡೆಯ ಸಾಲುಗಳ ಮೇಲೆ ಬೆರಳಾಡಿಸಿದ.

“ಇಲ್ನೋಡಿ! ಈ ಸಾಲು ಸತ್ತಿದೆ. ಈ ಸಾಲೂ ಸತ್ತಿದೆ. ನೆಲದೊಳಗೆ ಕೇಬಲ್ ಕೊಳೆತು ನೀರು ಕುಡಿದು ಕೂತಿದೆ. ಹೊಸ ಕೇಬಲ್ ಹಾಕಿ ಅಂದ್ರೆ ನಗ್ತಾರೆ. ಹೊಸ ಕನೆಕ್ಷನ್ ಕೊಡು ಅಂದ್ರೆ ಮಾತ್ರ ದಿನಾ ಬೆನ್ನು ಹತ್ತುತ್ತಾರೆ. ನಾನು ಎಲ್ಲಿಂದ ತರ್ಲಿ, ನನ್ನ ಕರುಳು ಎಳೀಲಾ?”

“ಅದಕ್ಕೆ?”

“ಅದಕ್ಕೆ ಎಲ್ಲ ಲೈನ್‌ಮ್ಯಾನ್‌ಗಳೂ ಮಾಡೋದನ್ನೇ ಮಾಡ್ದೆ. ಒಂದೊಂದೇ ತಂತಿಗೆ ಫೋನ್ ಹಚ್ಚಿ ಕೇಳ್ತೀವಿ. ‘ಗುಂಯ್’ ಅಂತ ಟೋನ್ ಬಂದ್ರೆ ಅದು ಯಾರದೋ. ಗೊರಗೊರ ಅಂದ್ರೆ ಕೊಳೆತಿದೆ. ಸದ್ದೇ ಇಲ್ದೆ, ಶುದ್ಧವಾಗಿದ್ರೆ ಅದು ಖಾಲಿ. ಯಾರೋ ಫೋನ್ ಕನೆಕ್ಷನ್ ಬಿಟ್ಟು ಹೋಗಿದ್ದಾರೆ ಅಂತ. ಇಡೀ ಪಿಲ್ಲರ್‌ನಲ್ಲಿ ಸದ್ದಿಲ್ಲದೆ ಶುದ್ಧವಾಗಿದ್ದದ್ದು ಅದೊಂದೇ ತಂತಿ. ಬಂಗಾರ ಸಿಕ್ಕಿದ ಹಾಗಾಯ್ತು.”

ಆಕಳಿಕೆ ಪಾದ ಒತ್ತುವುದನ್ನು ನಿಲ್ಲಿಸಿದ. “ಡ್ರೈವರ್ ಮನೇಲಿ ಫೋನ್ ಇಲ್ಲ. ಬರೀ ಇಂಟರ್ನೆಟ್ಟು.”

“ಅದೇ ಎಡವಟ್ಟಾಗಿದ್ದು!” ಏಣಿ ತಲೆ ಚಚ್ಚಿಕೊಂಡ. “ನಮ್ಮ ಕಂಪನಿ ಗಿರಾಕಿ ಆದ್ರೆ ಫೋನೂ ಇರತ್ತೆ, ಟೋನೂ ಇರತ್ತೆ. ಆ ಬೇಕರಿ ಮೇಲಿನೋರು ಬರೀ ಇಂಟರ್ನೆಟ್ ಮಾರ್ತಾರೆ. ಇಂಟರ್ನೆಟ್ ಓಡೋದು ಕಿವಿಗೆ ಕೇಳ್ಸತ್ತಾ ಸಾಹೇಬ್ರೆ? ಖಾಲಿ ತಂತಿ, ಇಂಟರ್ನೆಟ್ ತಂತಿ, ಎರಡೂ ಕಿವಿಗೆ ಒಂದೇ. ನಾನು ಖಾಲಿ ಅನ್ಕೊಂಡೆ. ಡ್ರೈವರ್ ಮನೆ ಕಡೆಯಿಂದ ಜಂಪರ್ ಕಿತ್ತು ಬೇರೆ ಮನೆಗೆ ಹಾಕ್ದೆ. ಪೊಲೀಸ್ ಬಂದ ಮೇಲೆ ಹೊಳೀತು. ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ.”

ಮರದ ಮೇಲೆ ಒಂದು ಕಾಗೆ ಕೂಗಿ ಸುಮ್ಮನಾಯಿತು. ಒಬ್ಬ ಮನುಷ್ಯ ಲಾಕಪ್ಪಿನ ನೆಲದ ಮೇಲೆ ಬೆನ್ನು ಹಿಡಿದುಕೊಂಡು ಕೂತಿರುವುದು ಒಂದು ಗೇಣು ವೈರು ಕಿತ್ತು ಹಾಕಿದ್ದಕ್ಕೆ. ಆಕಳಿಕೆಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡಲೂ ಮೈಯಲ್ಲಿ ಕಸುವು ಬೇಕಲ್ಲ.

“ಯಾವ ಮನೆಗೆ ಹಾಕ್ದೆ?”

“ಲಾಂಡ್ರಿ ಹಿಂದೆ, ಕಬ್ಬಿಣದ ಮೆಟ್ಟಿಲು ಇರೋ ಮನೆ. ಮಹಡಿ ಮೇಲೊಂದೇ ಕೋಣೆ. ಫೋನು, ಇಂಟರ್ನೆಟ್ ಎರಡೂ ಬೇಕು ಅಂತ ನಮ್ಮ ಕಂಪನಿಗೆ ಅರ್ಜಿ ಹಾಕಿದ್ರು. ನಾನು ತಂತಿ ಎಳೆದು, ಕಂಪನಿ ಡಬ್ಬಿ ಕೊಟ್ಟು ಬಂದೆ. ಎಕ್ಸ್‌ಚೇಂಜಲ್ಲಿ ಅವರ ಲೈನು ಜೋಡಿಸ್ಬೇಕು, ಅಲ್ಲಿ ಆಳಿಲ್ಲ, ಇವತ್ತು ನಾಳೆ ಅಂತಾರೆ. ಫೋನ್ ಇನ್ನೂ ಬಂದಿಲ್ಲ.”

“ಫೋನ್ ಬಂದಿಲ್ಲ. ಆದ್ರೆ ಇಂಟರ್ನೆಟ್ ಬಂದ್ಬಿಟ್ಟಿದೆ.”

“ಡ್ರೈವರಿಂದು,” ಎಂದ ಏಣಿ, ನೆಲ ನೋಡುತ್ತ.

“ಫೋನ್ ಬರ್ಲಿಲ್ಲ ಅಂತ ಅವರು ನಿನ್ನನ್ನ ಕೇಳ್ಲಿಲ್ವಾ? ಬೈಲಿಲ್ವಾ?”

ಏಣಿ ಯೋಚಿಸಿದ. ಅವನ ಹುಬ್ಬು ನಿಧಾನವಾಗಿ ಮೇಲೇರಿತು. “ಇಲ್ಲ. ಒಂದು ಸಲಾನೂ ಇಲ್ಲ.”

ಅದನ್ನು ಕೇಳಿ ಆಕಳಿಕೆ ಎದ್ದು ನಿಂತ. ಟೋನ್ ಅರ್ಧ ದಿನ ಹೋದರೆ ಎಕ್ಸ್‌ಚೇಂಜಿನ ಬಾಗಿಲು ಮುರಿಯುವ ಊರಿದು. ಇಷ್ಟು ದಿನ ಫೋನಿಲ್ಲದೆ ಬಾಯಿ ಮುಚ್ಚಿಕೊಂಡು ಕೂತ ಗಿರಾಕಿಗೆ ಫೋನು ಬೇಕಿರಲೇ ಇಲ್ಲ. ತನ್ನ ಮನೆ ಬಾಗಿಲಿಗೆ ಯಾರೂ ಬರಬಾರದು ಎಂಬುದಷ್ಟೇ ಬೇಕಿತ್ತು.

“ಅರ್ಜಿ ಹಾಕಿದ್ದು ಗಂಡಸಾ?”

“ಹೆಂಗಸು. ಒಳ್ಳೇ ಹೆಂಗಸು ಸಾಹೇಬ್ರೆ, ಕುಡಿಯೋಕೆ ನೀರು ಕೊಟ್ರು. ಬೇರೆ ಮನೆಯೋರು ಕೈ ತೊಳೆಯೋಕೂ ಕೊಡಲ್ಲ. ಕೋಣೆ ಒಳಗೆ ಮಾತ್ರ ಬಿಡ್ಲಿಲ್ಲ. ಡಬ್ಬಿ ಬಾಗಿಲಲ್ಲೇ ಇಸ್ಕೊಂಡ್ರು.”

“ನೋಡಿದ್ರೆ ಗುರುತು ಹಿಡೀತೀಯಾ?”

“ಹಿಡೀದೆ ಏನು.”

“ನಡಿ ಮತ್ತೆ. ನನ್ನ ಭಾವನ ಮುಂದೆಯೂ ಇದನ್ನೇ ಹೇಳ್ಬೇಕು.”

ಏಣಿ ಉಸಿರು ಬಿಟ್ಟ. ಪೆಟ್ಟಿಗೆ ಮುಚ್ಚಿದ. ಅಭ್ಯಾಸಬಲ, ಏಣಿಯನ್ನು ಹೆಗಲಿಗೇರಿಸಿಕೊಂಡ. “ಹೇಳ್ತೀನಿ. ಬೆನ್ನುನೋವು ನನಗೂ ಇದೆ. ಕಷ್ಟ ಗೊತ್ತು.”

*

ಲಾಂಡ್ರಿಯ ಹಿಂದಿನ ಓಣಿಯಲ್ಲಿ ಬಿಸಿ ಇಸ್ತ್ರಿಯ ವಾಸನೆ. ಒಣಗಲು ಹಾಕಿದ ಬಿಳಿ ಹಾಸುಗಳ ನಡುವೆ ಇಬ್ಬರೂ ತಲೆ ಬಗ್ಗಿಸಿ ಹೋದರು. ಹೆಗಲ ಮೇಲಿನ ಏಣಿ ಮಾತ್ರ ಎರಡು ಹಾಸುಗಳನ್ನು ಕೆಡವಿತು; ಅವನ್ನು ಎತ್ತಿ ಹಾಕುವಾಗ ಮತ್ತೆ ಒಂದನ್ನು ಕೆಡವಿತು.

ಕಬ್ಬಿಣದ ಮೆಟ್ಟಿಲು ಗೋಡೆಗಂಟಿ ಮೇಲೇರಿತ್ತು. ಮೇಲೆ ಒಂದೇ ಬಾಗಿಲು, ಒಂದೇ ಕಿಟಕಿ, ಕಿಟಕಿಗೆ ಒಳಗಿನಿಂದ ಅಂಟಿಸಿದ ಪೇಪರ್. ಕಿಟಕಿಯ ಮೂಲೆಯಲ್ಲಿ ಹೊಸ ಕಪ್ಪು ತಂತಿಯೊಂದು ಗೋಡೆ ಕೊರೆದು ಒಳಗೆ ಹೋಗಿತ್ತು.

ತಂತಿಯ ಇನ್ನೊಂದು ತುದಿ. ಮನೆಯೂ ಸಿಕ್ಕಿತು. ಇನ್ನು ಮುಖ.

ಆಕಳಿಕೆ ಮೊದಲ ಮೆಟ್ಟಿಲಿಗೆ ಕಾಲಿಡುವಾಗಲೇ ಮೇಲೆ ಬಾಗಿಲು ತೆರೆಯಿತು. ಕೈಯಲ್ಲಿ ಖಾಲಿ ಪಾತ್ರೆ ಹಿಡಿದ ಹೆಂಗಸೊಬ್ಬಳು ಹೊರಗೆ ಬಂದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಸೆರಗು ಸರಿಮಾಡಿಕೊಳ್ಳುತ್ತ ಕೆಳಗಿಳಿಯತೊಡಗಿದಳು. ಹಾಸುಗಳ ಬಿಳುಪು ಕಣ್ಣಿಗೆ ಹೊಡೆದು ಆಕಳಿಕೆಗೆ ಮುಖ ಸ್ಪಷ್ಟವಾಗಿ ಕಾಣಲಿಲ್ಲ.

ಲೈನ್‌ಮ್ಯಾನ್‌ಗೆ ಕಂಡಿತು.

“ನಮಸ್ಕಾರ ಅಕ್ಕಾ!” ಎಂದ ಅವನು, ತಾನು ಬಂದ ಕೆಲಸವನ್ನೇ ಮರೆತು. “ಫೋನ್ ಇನ್ನೂ ಬಂದಿಲ್ಲ ಅಲ್ವಾ? ಎಕ್ಸ್‌ಚೇಂಜೋರು ನಾಳೆ ಅಂತಾರೆ.”

ಅವಳು ನಡುಮೆಟ್ಟಿಲಲ್ಲಿ ನಿಂತಳು. ಡ್ರೈವರನ ಹೆಂಡತಿ.

ಲಾಂಡ್ರಿಯ ಒಳಗೆ ಯಾರೋ ಬಟ್ಟೆಗೆ ನೀರು ಚಿಮುಕಿಸುವ ಸದ್ದು ಮಾತ್ರ.

“ಸ್ಟೇಷನ್ ಮುಂದಿನ ಬೆಂಚು ಇಲ್ಲಿಗೆ ಬಂತಾ ತಾಯಿ?” ಎಂದ ಆಕಳಿಕೆ. ಅವನಿಗೇ ಅಚ್ಚರಿಯಾಗುವಷ್ಟು ಮೆತ್ತಗೆ.

“ಅಣ್ಣಾ...”

“ಮೇಲ್ ಈ ಕೋಣೆಯಿಂದ ಹೋಗಿದೆ.”

“ಈ ಕೋಣೆಯಿಂದ ಹೋದ್ರೆ ಅವರನ್ನ ಯಾಕೆ ಹಿಡಿದ್ರು?” ಅವಳ ದನಿ ಒಮ್ಮೆಲೇ ಏರಿತು. ಅದರಲ್ಲಿ ನಟನೆ ಇರಲಿಲ್ಲ. “ನಮ್ಮ ಮನೆಗೆ ಯಾಕೆ ಬಂದ್ರು ಪೊಲೀಸರು? ಅವರಿಗೆ ಏನೂ ಗೊತ್ತಿಲ್ಲ ಅಣ್ಣಾ, ನಾನು ಹೇಳೇ ಇಲ್ಲ! ಗೊತ್ತಾಗ್ಬಾರ್ದು ಅಂತಾನೇ ದೂರ ಕೋಣೆ ಹಿಡಿದೆ, ಬೇರೆ ಕಂಪನಿ ತಂತಿ ಹಾಕಿಸ್ದೆ. ನಮ್ಮ ಮನೆ ಹೆಸರು ಹೇಗೆ ಬಂತು?”

ಆಕಳಿಕೆ ಲೈನ್‌ಮ್ಯಾನ್ ಕಡೆ ನೋಡಿದ. ಲೈನ್‌ಮ್ಯಾನ್ ಏಣಿಯ ಹಿಂದೆ ಅಡಗಲು ನೋಡಿದ. ಏಣಿಯ ಹಿಂದೆ ಯಾರಾದರೂ ಅಡಗಲಾದೀತೆ.

“ಕಂಪನಿ ಎರಡು,” ಎಂದ ಆಕಳಿಕೆ. “ತಂತಿ ಒಬ್ಬರದೇ. ಈ ಪುಣ್ಯಾತ್ಮ ನಿಮ್ಮ ಮನೆ ತಂತಿಯನ್ನೇ ಕಿತ್ತು ನಿಮಗೇ ತಂದು ಕೊಟ್ಟಿದ್ದಾನೆ. ಖಾಲಿ ಅನ್ಕೊಂಡು.”

ಅವಳಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೆಟ್ಟಿಲ ಮೇಲೆಯೇ ಕೂತಳು. ಪಾತ್ರೆ ಕೈಜಾರಿ, ಠಣ್ ಠಣ್ ಎಂದು ಕೆಳಗಿಳಿದು, ಆಕಳಿಕೆಯ ಚಪ್ಪಲಿಗೆ ಬಡಿದು ನಿಂತಿತು.

“ಅಂದ್ರೆ ಅವರು ಒಳಗಿರೋದು ನನ್ನಿಂದಾನಾ?”

ಆಕಳಿಕೆ ಜೇಬಿನಿಂದ ಫೋನ್ ತೆಗೆದು ಕೈಯಲ್ಲಿ ಹಿಡಿದ. ಭಾವನಿಗೆ ಫೋನ್ ಮಾಡಿದರೆ ಡ್ರೈವರ್ ಹೊರಗೆ ಬರುತ್ತಾನೆ, ಅದೇ ಬಾಗಿಲಲ್ಲಿ ಇವಳು ಒಳಗೆ ಹೋಗುತ್ತಾಳೆ. ಮಾಡದಿದ್ದರೆ ಸಂಜೆ ಜೈಲಿನ ವ್ಯಾನು.

ಅವಳು ಕಣ್ಣೊರೆಸಿಕೊಂಡು ತಲೆಯೆತ್ತಿದಳು.

“ನಮ್ಮೋರನ್ನ ಬಿಡಿಸಿ ಅಂತ ಕೇಳ್ದೆ ಅಣ್ಣಾ. ಮಾಡಿದ್ದು ಯಾರು ಅಂತ ಹುಡುಕಿ ಅಂತ ನಾನು ಕೇಳಲೇ ಇಲ್ವಲ್ಲ.”

“ಯಜಮಾನರು ಬದುಕಿದ್ದಾರಾ?”

ಆಕಳಿಕೆ ಒಂದು ಮೆಟ್ಟಿಲು ಹತ್ತಿದ. ಅವಳು ಅಡ್ಡ ಕೈ ಚಾಚಿದಳು.

ಅಷ್ಟರಲ್ಲಿ ಮೇಲಿನ ಕಿಟಕಿಯ ಪೇಪರ್ ಒಂದು ಮೂಲೆಯಲ್ಲಿ ಎದ್ದಿತು. ಒಳಗಿನಿಂದ ವಯಸ್ಸಾದ ಗಂಡುದನಿಯೊಂದು, ಊಟವಾದ ಮೇಲಿನ ನಿರಾಳದಲ್ಲಿ, ಕೇಳಿಬಂತು.

“ಯಾರಮ್ಮಾ ತಂಗಿ ಅದು? ನಾನು ಬರೆದ ಮೇಲ್ ನೋಡಿ ನನ್ನ ಮಕ್ಕಳು ಕಳಿಸಿದೋರಾದ್ರೆ, ನಾನು ಸತ್ತೆ ಅಂತ ಹೇಳ್ಬಿಡು.”